ಇಪ್ಪತ್ತಾರು ಜನರ ವಾಸ್ತುಶಾಂತಿ

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂಬುದು ಅರ್ಧ ಅಥಣಿಗೆ ಗೊತ್ತು. ಉಳಿದರ್ಧಕ್ಕೆ ನನ್ನ ಹೆಂಡತಿ ಸ್ನೇಹಲಳ ಪರಿಚಯವಿಲ್ಲ, ಅಷ್ಟೇ. ಹೇಳಿದ ಮಾತು ಕೇಳುವ ಒಂದಾದರೂ ವಸ್ತು ಮನೆಯಲ್ಲಿರಲಿ ಎಂಬ ಆಸೆಯಿಂದ 2011ರ ದೀಪಾವಳಿಗೆ ಕಂಪ್ಯೂಟರ್ ತಂದೆ. ಅದು ಬಂದು ಮೂರು ತಿಂಗಳೊಳಗೆ ನನಗೆ ತಿಳಿದದ್ದಿಷ್ಟು: ಹೆಂಡತಿ ಮಾತು ಕೇಳದಿದ್ದರೂ ಏಕೆ ಕೇಳುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಕಂಪ್ಯೂಟರ್ ಬರೀ ಕೆಂಪು ಅಕ್ಷರದಲ್ಲಿ ಗೊಣಗುತ್ತದೆ.

ನಾನು ಲಗಮಣ್ಣ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಆ ವರ್ಷದ ಬೇಸಿಗೆಯಲ್ಲಿ ಹತ್ತು ದಿನದ ಕಂಪ್ಯೂಟರ್ ತರಬೇತಿಗೆ ಹೋಗಿ ವೆಬ್‌ಸೈಟ್ ಕಟ್ಟುವ ಪಿ.ಎಚ್.ಪಿ. ಎಂಬ ಮಹಾವಿದ್ಯೆಯನ್ನು ಕಲಿತು ಬಂದವನು. (ನಿಜ ಹೇಳಬೇಕೆಂದರೆ ಒಂಬತ್ತು ದಿನ. ಹತ್ತನೆಯ ದಿನ ಪ್ರಮಾಣಪತ್ರ ಕೊಟ್ಟು ಉಪ್ಪಿಟ್ಟು ತಿನ್ನಿಸಿ ಕಳಿಸಿದರು.) ಕಲಿತ ವಿದ್ಯೆಯನ್ನು ಎಲ್ಲಿ ಪ್ರಯೋಗಿಸಲಿ ಎಂದು ಕೈ ತುರಿಸುತ್ತಿರುವಾಗಲೇ ನಮ್ಮ ಹೊಸ ಮನೆಯ ಕೆಲಸ ಮುಗಿಯಿತು. ವಾಸ್ತುಶಾಂತಿಗೆ ಮಾಘಮಾಸದಲ್ಲಿ ಮುಹೂರ್ತ ಸಿಕ್ಕಿತು.

ಇಲ್ಲಿ ಒಂದು ಹಳೆಯ ಗಾಯದ ವಿಷಯ ಹೇಳಲೇಬೇಕು. ಐದು ವರ್ಷದ ಹಿಂದೆ ನಮ್ಮ ಮಗಳ ನಾಮಕರಣದಲ್ಲಿ ಮೂರನೆಯ ಪಂಕ್ತಿಗೇ ಹೋಳಿಗೆ ಮುಗಿದುಹೋಯಿತು. ನಾಲ್ಕನೆಯ ಪಂಕ್ತಿಯಲ್ಲಿ ಕೂತವಳು ಬೇರೆ ಯಾರೂ ಅಲ್ಲ, ಕಾಗವಾಡದ ನಮ್ಮ ಸೋದರತ್ತೆ ಅಕ್ಕುತಾಯಿ. ಆಕೆ ಸುಮ್ಮನೆ ಅನ್ನ ಮಜ್ಜಿಗೆ ಉಂಡಳು, ಕೈ ತೊಳೆದಳು, "ಅನ್ನ ಚಲೋ ಬೆಂದಿತ್ತು" ಎಂದಳು, ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಬೈದು ಹೋಗಿದ್ದರೆ ಸ್ನೇಹಲ ಎಂದೋ ಮರೆಯುತ್ತಿದ್ದಳು. ಅನ್ನವನ್ನು ಹೊಗಳಿ ಹೋದದ್ದು ಐದು ವರ್ಷವಾದರೂ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

"ಈ ಸಲ ಅಕ್ಕುತಾಯಿ ಅತ್ತಿ ಎಲಿಗಿ ಹೋಳಿಗಿ ಬೀಳಲಿಲ್ಲಂದ್ರ ಮನಿ ನಿಮ್ದು, ವಾಸ್ತು ನಿಮ್ದು. ಶಾಂತಿ ಒಂದ ಕೇಳಬ್ಯಾಡ್ರಿ," ಎಂದು ಆಕೆ ಮೊದಲೇ ನೋಟಿಸು ಕೊಟ್ಟಳು.

ಆಗ ನನ್ನ ತಲೆಯಲ್ಲಿ ಆ ದಿವ್ಯ ಆಲೋಚನೆ ಮಿಂಚಿತು. ಹೋಳಿಗೆ ಕಡಿಮೆ ಬಿದ್ದದ್ದು ಏಕೆ? ಎಷ್ಟು ಜನ ಬರುತ್ತಾರೆಂದು ಗೊತ್ತಿರಲಿಲ್ಲ. ಹಾಗಾದರೆ ಒಂದು ವೆಬ್‌ಸೈಟ್ ಮಾಡಬೇಕು. ಬೀಗರು, ನೆಂಟರು, ಇಷ್ಟರು ಅದನ್ನು ತೆರೆದು ತಮ್ಮ ಹೆಸರು, ಊರು, ಎಷ್ಟು ಮಂದಿ ಬರುತ್ತೇವೆಂಬುದನ್ನು ತುಂಬಬೇಕು. ಯಂತ್ರ ಕೂಡಿಸಿ ಹೇಳಬೇಕು. ಅಡಿಗೆಯ ತುಕಾರಾಮ ಅಷ್ಟೇ ಹೋಳಿಗೆ ಮಾಡಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ತರಬೇತಿಯಲ್ಲಿ ಕೊಟ್ಟ ಸೀಡಿಯಲ್ಲಿತ್ತು. ಅದರಲ್ಲಿ ಮೂವರು ಆಳುಗಳಿರುತ್ತಾರೆ ಎಂದುಕೊಳ್ಳಿ. ಪಿ.ಎಚ್.ಪಿ. ಎಂಬವನು ಅಡಿಗೆಯವ. ಡೇಟಾಬೇಸ್ ಎಂಬವನು ಉಗ್ರಾಣದವ, ಸಾಮಾನೆಲ್ಲ ಅವನ ವಶದಲ್ಲಿ. ಸರ್ವರ್ ಎಂಬವನು ಬಾಗಿಲಲ್ಲಿ ನಿಂತು ಕೇಳಿದವರಿಗೆ ಬಡಿಸುವವ. ಮೂವರೂ ಎದ್ದು ನಿಂತರೆ ಪಂಕ್ತಿ ಕೂಡಿತು. ನನ್ನ ಪಾಲಿಗೆ ಬಂದವರು ಮೂವರೂ ಜಗಳಗಂಟರು.

ಮೊದಲ ದಿನವೇ ಬಡಿಸುವವ ಏಳಲಿಲ್ಲ. ಗುಂಡಿ ಒತ್ತಿದರೆ ಎರಡು ಕ್ಷಣ ಹಸಿರಾಗಿ, ನನಗೆ ಆಸೆ ತೋರಿಸಿ, ಮತ್ತೆ ಕೆಂಪಾಗಿ ಮಲಗಿಬಿಡುತ್ತಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ ಅಂಗಡಿ ಇಟ್ಟುಕೊಂಡಿರುವ ಭರಮುಗೆ ಫೋನ್ ಮಾಡಿದೆ. ಆತ ಈ ಭಾಗದ ಕಂಪ್ಯೂಟರ್ ಧನ್ವಂತರಿ. ಎಲ್ಲ ರೋಗಕ್ಕೂ ಆತನಲ್ಲಿ ಒಂದೇ ಕಷಾಯ: ಎಲ್ಲ ತೆಗೆದುಹಾಕಿ ಮತ್ತೆ ಹೊಸದಾಗಿ ಹಾಕುವುದು. ಮೂರು ದಿನದಲ್ಲಿ ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದೆ. ಕೆಂಪು ಹೋಗಲಿಲ್ಲ.

ಈ ಘೋರ ತಪಸ್ಸಿನಲ್ಲಿ ನನ್ನನ್ನು ನೋಡಿ ಮರುಗಿದವಳೆಂದರೆ ನಮ್ಮ ಅವ್ವ ಒಬ್ಬಳೇ. ಹಾಲಿನ ಪುಡಿಯ ಹಳೆಯ ಡಬ್ಬಿಯೊಂದನ್ನು ತಂದು ಕಂಪ್ಯೂಟರ್ ಪಕ್ಕದಲ್ಲಿಟ್ಟು, "ಎಲ್ಲಾ ಒಂದ ಕಡೆ ಇರ್ಲಿ ತಮ್ಮಾ," ಎಂದಳು. ಕೈ ಹಾಕಿ ನೋಡಿದೆ. ಶೇಂಗಾ. ನಮ್ಮ ತಾಲೂಕಿನದೇ ಹಳ್ಳಿ ಅನಂತಪುರದ ನಮ್ಮ ಹೊಲದ ಸುಲಿದ ಕಾಳು. ಹುರಿದಿದ್ದರೆ ಇನ್ನೂ ಚೆನ್ನಾಗಿತ್ತು, ಆದರೆ ತಾಯಿಯ ಪ್ರೀತಿಯಲ್ಲಿ ಕೊರತೆ ಹುಡುಕಬಾರದು. ದಿನಾ ಸಂಜೆ ಹೊರಗಿನಿಂದ ಬಂದು, ಸೆರಗಿನ ಗಂಟು ಬಿಚ್ಚಿ, ಒಂದಷ್ಟು ಕಾಳು ಡಬ್ಬಿಗೆ ಹಾಕಿ ಹೋಗುತ್ತಿದ್ದಳು. ನಾನು ಪರದೆಯನ್ನು ನೋಡುತ್ತ, ತಲೆ ಕೆರೆಯುತ್ತ, ಇನ್ನೊಂದು ಕೈಯಿಂದ ಅದನ್ನು ಮುಕ್ಕುತ್ತಿದ್ದೆ. ಎಪ್ಪತ್ತು ದಾಟಿದ ತಾಯಿ, ಕಣ್ಣಿನ ಪೊರೆ ಬೇರೆ, ಆದರೂ ಮಗನ ಹೊಟ್ಟೆಯ ಚಿಂತೆ ಬಿಟ್ಟಿಲ್ಲವಲ್ಲ ಎಂದು ಒಂದೆರಡು ಸಲ ನನ್ನ ಕಣ್ಣು ತೇವವಾದದ್ದೂ ಉಂಟು.

ನಾಲ್ಕನೆಯ ದಿನ ಭರಮುವೇ ಮನೆಗೆ ಬಂದ. ಕಪ್ಪು ಕಿಟಕಿಯೊಂದನ್ನು ತೆರೆದು ಏನೇನೋ ಅಂಕಿ ಓದಿ, ಸರ್ವರ್ ನಿಲ್ಲಬೇಕಾದ ಎಂಬತ್ತನೇ ನಂಬರಿನ ಬಾಗಿಲಲ್ಲಿ ಆಗಲೇ ಬೇರೆ ಯಾರೋ ಕೂತಿದ್ದಾರೆ ಎಂದ. ಯಾರೆಂದು ಹುಡುಕಿದರೆ ಸ್ನೇಹಲ ತನ್ನ ತಂಗಿಯ ಜೊತೆ ಮುಖ ನೋಡಿ ಮಾತಾಡಲು ಹಾಕಿಸಿಕೊಂಡಿದ್ದ ಪ್ರೋಗ್ರಾಮು. ತಂಗಿ ಸಪನಾ ಪುಣೆಯಲ್ಲಿರುವವಳು. ಯಾವ ಹೊತ್ತಿಗೆ ಕರೆಯುತ್ತಾಳೋ ಗೊತ್ತಿಲ್ಲವೆಂದು ಸ್ನೇಹಲ ಅದನ್ನು ಮುಚ್ಚುತ್ತಲೇ ಇರಲಿಲ್ಲ.

ಮದುವೆಯಾದ ಹತ್ತು ವರ್ಷದಲ್ಲಿ ಮೊದಲ ಸಲ ತಪ್ಪು ಅವಳದೆಂದು ಮೂರನೆಯವರ ಮುಂದೆ ಸಾಬೀತಾಗಿತ್ತು. ನಾನು ಗಂಟಲು ಸರಿಪಡಿಸಿಕೊಂಡು, ಮೂರು ದಿನದಿಂದ ಮನೆಯ ಯಜಮಾನನ ಬಾಗಿಲಿಗೆ ಅಡ್ಡ ಕೂತವರು ಯಾರು ಗೊತ್ತೇ ಎಂದು ಕೇಳಿದೆ. ಆಕೆ ಒಗ್ಗರಣೆ ಸೌಟು ಕೆಳಗಿಡಲೂ ಇಲ್ಲ.

"ನಿಮಗಿಂತ ಮೊದಲ ನಮ್ಮ ಸಪನಾ ಬಂದ ಕುಂತಾಳ. ಬಂದ ಹೆಣ್ಮಗಳ್ನ ಎಬ್ಬಸ್ತೀರೇನು?"

ಭರಮು ಗೋಡೆಯ ಕಡೆ ನೋಡಿದ. ಆಮೇಲೆ ಮೆತ್ತಗೆ, "ಇನ್ನೊಂದ ಬಾಗಲಾ ಐತ್ರಿ ಸರ. ಎಂಟ ಸಾವಿರದ ಎಂಬತ್ತ," ಎಂದ. ಹೀಗೆ ನನ್ನ ಸರ್ವರ್ ಹಿತ್ತಲ ಬಾಗಿಲಲ್ಲಿ ನಿಂತ. ಹಿತ್ತಲ ಬಾಗಿಲು ನನಗೂ ಹೊಸದಲ್ಲ, ಆದ್ದರಿಂದ ಬೇಸರವಾಗಲಿಲ್ಲ.

ಮರುದಿನ ಉಗ್ರಾಣದವನ ಸರದಿ. ಆತ ಗುಪ್ತಪದ ಹೇಳದೆ ಬೀಗ ತೆಗೆಯುವುದಿಲ್ಲವೆಂದ. ಕೊನೆಯ ಸಲ ಹಾಕುವಾಗ ನಾನೇ ಬಹಳ ಗಂಭೀರವಾಗಿ, ಯಾರಿಗೂ ತಿಳಿಯದಂಥದ್ದು ಎಂದು ಒಂದು ಗುಪ್ತಪದ ಇಟ್ಟಿದ್ದೆ. ಅದು ಎಷ್ಟು ಗುಪ್ತವಾಯಿತೆಂದರೆ ನನಗೂ ತಿಳಿಯದಾಯಿತು. ಮಗಳ ಹೆಸರು ಹಾಕಿದೆ, ಆಗಲಿಲ್ಲ. ಊರಿನ ಹೆಸರು, ಎತ್ತಿನ ಹೆಸರು, ಮನೆದೇವರ ಹೆಸರು, ಯಾವುದೂ ಆಗಲಿಲ್ಲ. ಕೊನೆಗೆ ಒಂದು ಜನ್ಮದಿನಾಂಕವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹಾಕಿದೆ. ಹಿಂದೆ ಸ್ನೇಹಲ ಚಹಾ ಹಿಡಿದು ನಿಂತದ್ದು ನನಗೆ ಗೊತ್ತಿರಲಿಲ್ಲ.

"ಅದು ನನ್ನ ಹುಟ್ಟಿದ ತಾರೀಖ ಅಲ್ಲ," ಎಂದಳು. ಅಷ್ಟೇ. ಯಾರದೆಂದು ಕೇಳಲಿಲ್ಲ. ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟು ಹೋದಳು. ನಾನು ಅವಳದೇ ಎಂದು ತಿಳಿದಿದ್ದೆ ಎಂದು ಈಗಲೂ ಪ್ರಮಾಣ ಮಾಡುತ್ತೇನೆ, ನಂಬುವವರಿಲ್ಲ. ಆ ವಾರವೆಲ್ಲ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಐದನೆಯ ಸಲ ಎಲ್ಲ ತೆಗೆದು, ಗುಪ್ತಪದವೇ ಇಲ್ಲದೆ ಮತ್ತೆ ಹಾಕಿದೆ.

ಈಗ ಮೂವರೂ ಎದ್ದು ನಿಂತರು. ಸಂತೋಷದಿಂದ ಮೊದಲ ಹೆಸರೆಂದು ಅಕ್ಕುತಾಯಿಯನ್ನೇ ಕನ್ನಡದಲ್ಲಿ ತುಂಬಿ ಗುಂಡಿ ಒತ್ತಿದೆ. ಪರದೆಯ ಮೇಲೆ ಸಾಲಾಗಿ ಒಂಬತ್ತು ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಅಕ್ಕುತಾಯಿ ಎಲ್ಲಿಯೂ ಇಲ್ಲ. ನನ್ನ ಹೆಸರು ಹಾಕಿದೆ, ನಾನೂ ಪ್ರಶ್ನೆಯಾದೆ. ನಮ್ಮ ಇಡೀ ಬಳಗವೇ ಪ್ರಶ್ನೆಗಳ ಗುಂಪಾಗಿ ನಿಂತಿತು. ಸ್ನೇಹಲ ಬಗ್ಗಿ ನೋಡಿ, ಇದೊಂದು ಮಾತ್ರ ಯಂತ್ರ ಸರಿಯಾಗಿ ಹೇಳಿದೆ, ಐದು ವರ್ಷದಿಂದ ಅತ್ತೆ ತನಗೂ ಪ್ರಶ್ನೆಯೇ ಆಗಿದ್ದಾಳೆ ಎಂದಳು.

ಮತ್ತೆ ಭರಮು ಬಂದ. ಉಗ್ರಾಣದವನಿಗೆ ಕನ್ನಡ ಬರುವುದಿಲ್ಲ, ಕನ್ನಡದಲ್ಲೇ ಬರೆದುಕೋ ಎಂದು ಮೂರು ಕಡೆ ಬೇರೆ ಬೇರೆಯಾಗಿ ಹೇಳಬೇಕು ಎಂದ. (ಗಡಿನಾಡಿನವರಾದ ನಮಗೆ ಇದು ಹೊಸ ದೂರೇನಲ್ಲ.) ಮೂರು ಕಡೆಯೂ ಹೇಳಿದೆವು. ಅಕ್ಕುತಾಯಿ ಕೊಂಬು ದೀರ್ಘ ಒತ್ತಕ್ಷರ ಸಮೇತ ಪ್ರತ್ಯಕ್ಷಳಾದಳು. ಪರೀಕ್ಷೆಗೆಂದು ನಾನೇ ಕೂತು ಅತ್ತೆ ನಾಲ್ಕು ಮಂದಿ, ಸಪನಾ ಮೂರು ಮಂದಿ ಎಂದು ಹತ್ತಿರದವರ ಹೆಸರೆಲ್ಲ ತುಂಬಿದೆ. ಒಟ್ಟು ಇಪ್ಪತ್ತಾರು ಎಂದು ಯಂತ್ರ ಕೂಡಿಸಿ ತೋರಿಸಿತು. ಭರಮು ಈ ಕನ್ನಡದ ಉಪಾಯ ತನಗೂ ಬೇಕಾಗುತ್ತದೆಂದು ಇಡೀ ಕೆಲಸದ ಒಂದು ಪ್ರತಿಯನ್ನು ಒಯ್ದು ತನ್ನ ಅಂಗಡಿಯ ಮೂರನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡ.

ನಾನು ದುಡುಕುವ ಮನುಷ್ಯನಲ್ಲ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಮೊದಲು, ನಮ್ಮ ಮನೆಯ ಹೊರಗೂ ಈ ವೆಬ್‌ಸೈಟ್ ತೆರೆಯುತ್ತದೆಯೇ ಎಂದು ನೋಡಲು ಭರಮುವಿನ ಅಂಗಡಿಗೇ ಹೋದೆ. ಖಾಲಿ ಇದ್ದದ್ದು ಮೂರನೆಯ ಕಂಪ್ಯೂಟರು. ಕೂತು 'ಲೋಕಲ್‌ಹೋಸ್ಟ್' ಎಂದು ಶುರುವಾಗುವ ನಮ್ಮ ವಿಳಾಸ ಒತ್ತಿದೆ. ತೆರೆಯಿತು. ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ನನ್ನ ಸ್ವಂತ ಕೃತಿ ನನ್ನ ಕಣ್ಣ ಮುಂದೆ ನಿಂತಿತ್ತು. ಒಂದೂವರೆ ಕಿಲೋಮೀಟರ್ ದಾಟಿದ್ದು ನಿಪ್ಪಾಣಿ, ರಾಯಬಾಗ ದಾಟದೇ ಇರುತ್ತದೆಯೇ? ಅಲ್ಲಿಂದ ನೇರ ಪ್ರೆಸ್ಸಿಗೆ ಹೋಗಿ ನೂರೈವತ್ತು ಪತ್ರಿಕೆ ಹಾಕಿಸಿದೆ. ಕೆಳಗಡೆ 'ಸ್ಥಳ: ಸ್ವಗೃಹ', ಅದರ ಕೆಳಗೆ ದಪ್ಪಕ್ಷರದಲ್ಲಿ ನನ್ನ ವಿಳಾಸ, ಅದರ ಕೆಳಗೆ 'ತಾವೆಷ್ಟು ಜನ ಆಗಮಿಸುವಿರೆಂದು ಇಲ್ಲಿ ತಿಳಿಸಿ ಉಪಕರಿಸಬೇಕು' ಎಂಬ ವಿನಂತಿ.

ಪತ್ರಿಕೆ ಹಂಚಿ ಕಾಯುತ್ತ ಕೂತೆ. ಮೊದಲ ದಿನ ಇಪ್ಪತ್ತಾರು. ಮೂರನೆಯ ದಿನ ಇಪ್ಪತ್ತಾರು. ಆರನೆಯ ದಿನವೂ ಇಪ್ಪತ್ತಾರು. ನನಗೇನೂ ತಿಳಿಯದಾಯಿತು. ಬೆಳಿಗ್ಗೆ ಸಂಜೆ ಕೂತು ಪುಟವನ್ನು ಮತ್ತೆ ಮತ್ತೆ ತೆರೆಯುತ್ತ, ದಿನಕ್ಕೊಂದು ಮುಷ್ಟಿ ಶೇಂಗಾ ಖಾಲಿ ಮಾಡುತ್ತಿದ್ದೆ. ನಿಪ್ಪಾಣಿಯಿಂದ ಒಬ್ಬರು ಫೋನ್ ಮಾಡಿ ನಿಮ್ಮದು ತೆರೆಯಲಿಲ್ಲ ಎಂದರು. ನಿಮ್ಮ ಕಡೆ ನೆಟ್ಟು ಸರಿಯಿಲ್ಲ ಎಂದು ಅವರಿಗೇ ಬುದ್ಧಿ ಹೇಳಿದೆ. ಮನೆಮನೆಗೆ ಹೋಗಿ ಹೇಳಿ ಬರಬಾರದೇ ಎಂದು ಸ್ನೇಹಲ ಅಂದಳು. ಹಾಗೆ ಹೇಳಿ ಬರಲು ಅವ್ವ ಆಗಲೇ ಕುಂಕುಮದ ಬಟ್ಟಲು ಹಿಡಿದು ದಿನಾ ಓಣಿ ಓಣಿ ತಿರುಗುತ್ತಿದ್ದಳು, ಬಸ್ಸು ಹಿಡಿದು ಅನಂತಪುರಕ್ಕೂ ಕಾಗವಾಡಕ್ಕೂ ಹೋಗಿ ಬಂದಿದ್ದಳು. ಹೆಂಗಸರ ಪದ್ಧತಿ, ಮಾಡಿಕೊಳ್ಳಲಿ ಎಂದು ನಾನು ಉದಾರವಾಗಿ ನಕ್ಕೆ.

ವಾಸ್ತುಶಾಂತಿಯ ಹಿಂದಿನ ದಿನ ತುಕಾರಾಮ ಬಂದು ಎಷ್ಟು ಮಂದಿಗೆ ಅಡಿಗೆ ಎಂದು ಕೇಳಿದ. ನಾನು ಎದೆಯುಬ್ಬಿಸಿ ಇಪ್ಪತ್ತಾರು ಎಂದೆ. ಸ್ನೇಹಲ ನನ್ನ ಮೇಲೆ ಒಂದು ದೃಷ್ಟಿ ಚೆಲ್ಲಿ, ಅವ್ವನ ಲೆಕ್ಕ ನೋಡಿ ಹೇಳುತ್ತೇನೆಂದು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದಳು.

"ಅತ್ತಿ ಲೆಕ್ಕದಾಗೂ ಇಪ್ಪತ್ತೆಂಟ ಬಂತ್ರಿ," ಎಂದಳು.

ಅವ್ವನ ಲೆಕ್ಕ ಯಾವುದು, ಅದನ್ನು ಎಲ್ಲಿಟ್ಟಿದ್ದಾಳೆ ಎಂದು ನಾನು ಕೇಳಲಿಲ್ಲ. ಯಂತ್ರವೂ ಮನುಷ್ಯರೂ ಹೆಚ್ಚುಕಡಿಮೆ ಒಂದೇ ಮಾತಾಡುವ ಅಪೂರ್ವ ಗಳಿಗೆಯಲ್ಲಿ ಅಡ್ಡ ಪ್ರಶ್ನೆ ಯಾರು ಹಾಕುತ್ತಾರೆ? ಕಬ್ಬು ಕಡಿಯುವ ಹಂಗಾಮು, ಜನರಿಗೆ ಪುರುಸೊತ್ತಿಲ್ಲ ಎಂದು ನಾನೇ ಕಾರಣವನ್ನೂ ಕೊಟ್ಟೆ. ಅವ್ವ ಒಳಗೆ ಮೂಲೆಯಲ್ಲಿ ಕೂತಿದ್ದಳು.

"ನನಗ ಭಾಳ ಮಂದಿ ಹೂಂ ಅಂದಂಗ ನೆಪ್ಪೈತಿ ತಮ್ಮಾ," ಎಂದಳು. "ವಯಸ್ಸಾತು. ತಲಿ ನಿಲ್ಲವಲ್ದು."

ನಾನು ಅವಳ ಪಕ್ಕ ಕೂತು, ಮನುಷ್ಯರ ನೆನಪಿಗೂ ಯಂತ್ರದ ನೆನಪಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಸ್ನೇಹಲ ಮಾತ್ರ ಏನಾದರಾಗಲಿ ಎಂದು ತುಕಾರಾಮನಿಗೆ ನೂರು ಮಂದಿಗೆ ಮಾಡು ಎಂದಳು. ನಾನು ದಂಡ ಖರ್ಚು ಎಂದು ಗೊಣಗಿದೆ.

ಬೆಳಿಗ್ಗೆ ಹೋಮಕ್ಕೆ ಮೊದಲು ಕಂಪ್ಯೂಟರಿಗೂ ಕುಂಕುಮ ಹಚ್ಚೋಣವೆಂದು ನಾನೇ ಹೇಳಿದೆ. ಸ್ನೇಹಲ ಅದನ್ನು ಒರೆಸಲು ಹೋಗಿ, ಕೀಲಿಮಣೆಯನ್ನು ಎತ್ತಿ ಬೋರಲು ಮಾಡಿ ಕೊಡವಿದಳು. ಅದರೊಳಗಿಂದ ಶೇಂಗಾದ ಕೆಂಪು ಸಿಪ್ಪೆ ಬೊಗಸೆಗಟ್ಟಲೆ ಉದುರಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಸಿಪ್ಪೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಲಗಮಾ, ಡಬ್ಬ್ಯಾಗಿನ ಶೇಂಗಾ ನೀ ತಿಂದ್ಯೇನ?"

"ಹೂಂನವ್ವಾ. ನೀ ನನಗಂತ ಇಟ್ಟಿದ್ದೆಲ್ಲಾ."

"ಅವು ಮಂದಿ ಆಗಿದ್ರಲ್ಲೋ," ಎಂದಳು ಅವ್ವ.

ಅಲ್ಲಿದ್ದ ಹೆಂಗಸರಿಗೆಲ್ಲ ಕೂಡಲೇ ಅರ್ಥವಾಯಿತು. ನನಗೊಬ್ಬನಿಗೇ ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ಓದುಬರಹ ಬಾರದ ಹಿರಿಯ ಹೆಂಗಸರು ಕಾರ್ಯಕ್ಕೆ ಹೇಳಿ ಬರಲು ಹೋದಾಗ, ಬರುತ್ತೇವೆಂದ ಒಬ್ಬೊಬ್ಬರಿಗೆ ಒಂದೊಂದು ಕಾಳು ಸೆರಗಿಗೆ ಕಟ್ಟಿಕೊಂಡು ಬಂದು ಡಬ್ಬಿಗೆ ಹಾಕುತ್ತಾರಂತೆ. ಕೊನೆಗೆ ಎಣಿಸಿದರೆ ಎಷ್ಟು ಕಾಳೋ ಅಷ್ಟು ಎಲೆ. ಲೆಕ್ಕವೆಲ್ಲ ಈ ಮಶೀನಿನಲ್ಲಿ ಭದ್ರವಾಗಿರುತ್ತದೆ ಎಂದು ನಾನು ದಿನಾ ಕೊಚ್ಚಿಕೊಳ್ಳುತ್ತಿದ್ದೆನಲ್ಲ, ಅದನ್ನು ನಂಬಿ ಅವ್ವ ತನ್ನ ಲೆಕ್ಕವನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದಳು. ಅನಂತಪುರದವರನ್ನು ನಾನು ಒಂದೇ ಸಂಜೆಯಲ್ಲಿ ಮುಗಿಸಿದ್ದೆ. ಚಿಂಚಲಿಯ ಬೀಗರನ್ನು ಚಹಾದ ಜೊತೆ ಮುಕ್ಕಿದ್ದೆ.

ಆಶ್ಚರ್ಯವೆಂದರೆ ಅವ್ವ ಸಿಟ್ಟಾಗಲಿಲ್ಲ. ಅವಳ ಮುಖ ಅರಳಿತು. ಸೊಸೆಯ ಕೈ ಹಿಡಿದು, "ಅಂದ್ರ ನನ್ನ ತಲಿ ಇನ್ನಾ ನೆಟ್ಟಗ ಐತಿ ನೋಡವಾ," ಎಂದಳು. ಆ ಮಾತು ಕೇಳಿ ನನಗೆ ಭೂಮಿಯೊಳಗೆ ಹೋಗಬೇಕೆನಿಸಿತು, ಆದರೆ ಹೊಸ ಗ್ರಾನೈಟ್ ಹಾಕಿಸಿದ್ದೆವು.

ಅಷ್ಟರಲ್ಲಿ ಹೊರಗೆ ಹಾರ್ನು ಕೇಳಿತು. ಅನಂತಪುರದಿಂದ ಒಂದು ಟೆಂಪೋ ತುಂಬ ಜನ. ಅದರ ಹಿಂದೆ ಚಿಂಚಲಿಯ ಜೀಪು, ಆಮೇಲೆ ರಾಯಬಾಗದ ಮೋಟಾರ್‌ಸೈಕಲ್ಲುಗಳು. ಅವರ ನಡುವೆ ದಾರಿ ಮಾಡಿಕೊಂಡು ಭರಮು ಒಂದು ಹಾಳೆ ಹಿಡಿದು ಓಡಿ ಬಂದ. ನಮ್ಮ ಊರಿನವರು ಪತ್ರಿಕೆ ಹಿಡಿದು ಅವನ ಅಂಗಡಿಗೆ ಬಂದು ಹೆಸರು ಹಚ್ಚಿ ಹೋಗಿದ್ದಾರಂತೆ. ಎಲ್ಲರ ಹೆಸರೂ ಅವನ ಮೂರನೆಯ ಕಂಪ್ಯೂಟರಿನ ಹೊಟ್ಟೆಯಲ್ಲೇ ಇವೆಯಂತೆ, ಎಂಬತ್ತನಾಲ್ಕು ಮಂದಿ. ಅದು ಹೇಗೆ ಸಾಧ್ಯ ಎಂದೆ.

"ಲೋಕಲ್‌ಹೋಸ್ಟ್ ಅಂದ್ರ ನಿಮ್ಮ ಪತ್ರಿಕ್ಯಾಗಿನ ಸ್ವಗೃಹ ಇದ್ದಂಗ್ರಿ ಸರ," ಎಂದ ಭರಮು. "ಯಾರ ಒತ್ತತಾರೋ ಅವ್ರ ಮನೀನ ತೆರೀತೈತಿ. ನಿಮ್ದಲ್ಲ."

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ನನಗೆ ಪತ್ರಿಕೆಯನ್ನೇ ಕೊಟ್ಟಿಲ್ಲ, ಅದರಲ್ಲಿ ಏನು ಹಾಕಿಸಿದ್ದೀರೆಂದು ನನಗೇನು ಗೊತ್ತು ಎಂದ. ಹೌದು, ಅವನಿಗೆ ಕೊಡುವುದು ಮರೆತಿದ್ದೆ.

ಸ್ನೇಹಲ ನನ್ನನ್ನು ಪಕ್ಕಕ್ಕೆ ಸರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಮನೆಗೆ ಹೋದಳು. ಅಲ್ಲಿಂದ ಸುದ್ದಿ ಮುಂದಿನ ಮನೆಗೆ ಹೋಯಿತು. ಯಾವ ತಂತಿಯೂ ಇಲ್ಲದೆ, ಯಾವ ಗುಪ್ತಪದವೂ ಇಲ್ಲದೆ ಅರ್ಧ ಗಂಟೆಯಲ್ಲಿ ಓಣಿಯ ಎಲ್ಲ ಒಲೆಯ ಮೇಲೂ ಹಂಚು ಏರಿತು. ಬುಟ್ಟಿ ಬುಟ್ಟಿ ರೊಟ್ಟಿ ಬಂತು, ಝುಣಕ ಬಂತು, ಯಾರದೋ ಮನೆಯಿಂದ ಬದನೆಕಾಯಿ ಎಣ್ಣೆಗಾಯಿ ಬಂತು. ಮುನ್ನೂರಕ್ಕೂ ಮೇಲೆ ಮಂದಿ ಉಂಡರು. ಹೋಳಿಗೆ ಎಲೆಗೆ ಅರ್ಧರ್ಧದಂತೆ ಬಿತ್ತು.

ಅಕ್ಕುತಾಯಿ ಅತ್ತೆ ಐದು ವರ್ಷದ ಮೇಲೆ ಹೊಸ್ತಿಲು ದಾಟಿ ಬಂದಳು. ಅವ್ವನ ಕುಂಕುಮಕ್ಕೆ ಬಂದಳೇ ಹೊರತು ನನ್ನ ಪತ್ರಿಕೆಗಲ್ಲ. ಸ್ನೇಹಲ ಅವಳನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿ, ಇಡೀ ಮೂರು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಉಣ್ಣುವವರೆಗೂ ಎದುರಿಗೆ ನಿಂತಿದ್ದಳು. ಅತ್ತೆ ಉಂಡು ಎದ್ದವಳೇ ತಾನೇ ಹೋಗಿ ತುಕಾರಾಮನ ಪಕ್ಕದಲ್ಲಿ ಲಟ್ಟಣಿಗೆ ಹಿಡಿದು ಕೂತಳು. ಸ್ನೇಹಲ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ನನ್ನ ಎಲೆ ಕೊನೆಯ ಪಂಕ್ತಿಯಲ್ಲಿ ಬಿತ್ತು. ಅಷ್ಟೊತ್ತಿಗೆ ಉಳಿದದ್ದು ಅನ್ನ ಮತ್ತು ಮಜ್ಜಿಗೆ. ಅತ್ತೆ ಎದುರಿಗೆ ಬಂದು ನಿಂತು ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ, "ಅನ್ನ ಚಲೋ ಬೆಂದೈತಿ," ಎಂದೆ.

ಅದಾಗಿ ಎರಡು ತಿಂಗಳಿಗೆ ಅತ್ತೆ ತನ್ನ ಮೊಮ್ಮಗನ ಮದುವೆಗೆ ಹೇಳಲು ಕುಂಕುಮದ ಬಟ್ಟಲು ಹಿಡಿದು ಬಂದಳು. ನಿಮ್ಮ ಮನೆಯಿಂದ ಎಷ್ಟು ಮಂದಿ ಎಂದು ಕೇಳಿದಳು. ನಾಲ್ಕು ಎಂದಳು ಅವ್ವ. ಅತ್ತೆ ಚೀಲದಿಂದ ಎಣಿಸಿ ತೆಗೆದದ್ದು ಶೇಂಗಾ ಅಲ್ಲ, ಹುಣಸೆಬೀಜ. ಕಾಗವಾಡದಿಂದ ಚಿಂಚಲಿಯವರೆಗೆ ನಮ್ಮ ಬಳಗದಲ್ಲಿ ಈಗ ಯಾರೂ ಶೇಂಗಾ ಇಡುವುದಿಲ್ಲವಂತೆ. ತಲೆತಲಾಂತರದ ಪದ್ಧತಿ ನನ್ನೊಬ್ಬನಿಂದ ಬದಲಾಗಿತ್ತು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ನಾಲ್ಕು ಬೀಜದಲ್ಲಿ ಒಂದನ್ನು ಚೀಲಕ್ಕೆ ವಾಪಸು ಹಾಕಿದಳು.

"ಮೂರ ಮಂದಿ ಅಂತ ಹಿಡೀತೇನಿ," ಎಂದಳು ಸ್ನೇಹಲಳಿಗೆ. "ಇಂವ ನಮ್ಮನ್ನೆಲ್ಲಾರ್ನೂ ಮೊದಲ ತಿಂದಾನ. ಇವನ ಹೊಟ್ಟಿ ತುಂಬೇತಿ."